ಬಾಗಿಲಿಗೆ ಬರೆದ ವಿಳಾಸ

ಶಿವರಾತ್ರಿ ಕಳೆದು ಐದು ದಿನವಾಗಿತ್ತು. ತೊಗರಿ ಹೊಲಗಳಲ್ಲಿ ಕಟ್ಟಿಗೆಯ ಕೂಳೆ ಬಿಟ್ಟರೆ ಏನೂ ನಿಂತಿರಲಿಲ್ಲ. ಆ ಸಲ ರಾಶಿ ಮಾಡುವ ಕೆಲಸ ಎರಡೇ ದಿನಕ್ಕೆ ಮುಗಿದಿತ್ತು. ಠಾಣಾ ಕುಶನೂರಿನ ವಸತಿ ನಿಲಯದ ಅಂಗಳಕ್ಕೆ ಟ್ಯಾಂಕರ್ ಬಂದಿತ್ತು. ನಿಲಯ ನೋಡಿಕೊಳ್ಳುವ ಸುಭದ್ರಾಬಾಯಿ ಪೈಪಿನ ಬಾಯಿ ಹಿಡಿದು ಒಂದೊಂದೇ ಕೊಡಕ್ಕೆ ನೀರು ಬಿಡುತ್ತಿದ್ದಳು. ನೀರು ಕೊಡದ ಕಂಠ ಮುಟ್ಟುವ ಮೊದಲೇ ಪೈಪು ಮಡಚಬೇಕು, ತುಳುಕಿದರೆ ಹಿಂದಿನವರಿಗೆ ಕಡಿಮೆ. ಮಡಚಿ ಮಡಚಿ ಅವಳ ಅಂಗೈಯಲ್ಲಿ ರಬ್ಬರಿನ ಕರಿ ಗೆರೆ ಕೂತಿತ್ತು.

"ನೂಕಬ್ಯಾಡ್ರೋ. ನೂಕಿದ್ರ ನೀರ ಹೆಚ್ಚಾಗ್ತಾವೇನು?"

ನಲವತ್ತಮೂರು ಮಕ್ಕಳಿದ್ದರು. ಅಪ್ಪ ಅವ್ವ ದೀಪಾವಳಿ ಮುಗಿಸಿ ದುಡಿಯಲು ಹೈದರಾಬಾದಿಗೆ ಹೋದ ಮೇಲೆ ಮಕ್ಕಳ ಸಾಲಿ ತಪ್ಪಬಾರದೆಂದು ಬೀದರದ ಒಂದು ಸಂಸ್ಥೆ ಇಲ್ಲೊಂದು, ಭಾಲ್ಕಿಯಲ್ಲೊಂದು ನಿಲಯ ತೆರೆದಿತ್ತು. ಆ ವರ್ಷ ಮಳೆ ಸತತ ಎರಡನೇ ಸಲ ಕೈಕೊಟ್ಟಿದ್ದರಿಂದ ಊರಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಹೋಗುವವರು ಬಾಗಿಲ ಹಲಗೆಯ ಮೇಲೆ ಇದ್ದಿಲಿನಿಂದ ತಾವು ಹೋದ ಊರು, ಫೋನ್ ನಂಬರು ಬರೆದು ಹೋಗುತ್ತಿದ್ದರು. ಪೋಸ್ಟಿನವನಿರಲಿ, ಬೀಗರಿರಲಿ, ಬಂದವರು ಬಾಗಿಲು ಬಡಿಯುತ್ತಿರಲಿಲ್ಲ. ಓದುತ್ತಿದ್ದರು.

ಅವ್ವಂದಿರ ದನಿ ಹಿಡಿದಿಡುವುದು ಸುಭದ್ರಾಬಾಯಿ ತೆಗೆದ ಹಾದಿ. ಮೊದಲ ವರ್ಷ ಮಕ್ಕಳು ಸಂಜೆಯಾದರೆ ಅಳಲು ಸುರು ಮಾಡುತ್ತಿದ್ದವು, ಒಂದರ ಹಿಂದೆ ಒಂದು. ಎರಡನೇ ವರ್ಷ ಅವಳು ಹೊರಡುವ ಮುನ್ನಾದಿನ ತಾಯಂದಿರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು, ಮಗುವಿಗೆ ಹೇಳುವುದನ್ನು ಹೇಳಿಸಿ ಸಣ್ಣ ರೆಕಾರ್ಡರಿನಲ್ಲಿ ತುಂಬಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಕಂಪ್ಯೂಟರಿನಿಂದ ಒಂದೊಂದಾಗಿ ದನಿ ಹಚ್ಚಿ ಕೇಳಿಸುವುದು. ತನ್ನ ಅವ್ವನ ಸರದಿ ಬಂದಾಗ ಆ ಮಗು ಮುಂದೆ ಬಂದು ಕೂಡಬೇಕು, ಉಳಿದವರು ಸುಮ್ಮನಿರಬೇಕು. ಹಾಗೆ ರೂಢಿಯಾಯಿತು.

ತಾಯಂದಿರು ಒಂದೇ ಕರಾರು ಹಾಕಿದ್ದರು. "ಫೋನಿನಾಗ ಮಾತ್ರ ಹಾಕಬ್ಯಾಡ್ರಿ ಬಾಯಿ. ಊರ ತುಂಬ ಹೋಗ್ತದ, ಗಂಡಸರು ನಗ್ತಾರ." ಅದಕ್ಕೇ ಸುಭದ್ರಾಬಾಯಿ ಒಂದು ದನಿಯನ್ನೂ ತನ್ನ ಫೋನಿಗೆ ಇಳಿಸಿರಲಿಲ್ಲ. ಕಂಪ್ಯೂಟರಿಗೆ ಹಾಕಿ ರೆಕಾರ್ಡರು ಖಾಲಿ ಮಾಡುತ್ತಿದ್ದಳು.

ಹದಿನೇಳನೆಯ ದನಿ ಮೀರಾಬಾಯಿಯದು. ಅವಳು ಈಗ ಇರಲಿಲ್ಲ. ಜನವರಿಯಲ್ಲಿ, ಕಟ್ಟುತ್ತಿದ್ದ ಕಟ್ಟಡದ ಮೂರನೇ ಅಂತಸ್ತಿನಿಂದ, ಸಿಮೆಂಟಿನ ಬುಟ್ಟಿ ತಲೆಯ ಮೇಲಿರುವಾಗಲೇ ಬಿದ್ದಿದ್ದಳು. ಗಂಡ ಪಂಢರಿ ಹೆಣ ತಂದು ಮಣ್ಣು ಮಾಡಿ, ನಾಲ್ಕನೇ ದಿನ ನಿಲಯಕ್ಕೆ ಬಂದಿದ್ದ. ಎಂಟು ವರ್ಷದ ಮಗಳು ಭಾಗೀರಥಿಯ ತಲೆ ಸವರುತ್ತ ಜಗುಲಿಯಲ್ಲಿ ಬಹಳ ಹೊತ್ತು ಕೂತಿದ್ದ.

"ಅಕಿ ದನಿ ಅದ ಅಂತಲ್ರಿ ನಿಮ್ಮ ಹತ್ರ."

"ಅದಪ್ಪ. ಹಚ್ಚಲೇನು?"

"ಬ್ಯಾಡ್ರಿ." ಅವನು ಎರಡೂ ಕೈ ಆಡಿಸಿದ್ದ. "ಈಗ ಕೇಳಿದ್ರ ನನ್ನ ಕೈಲೆ ವಾಪಸ್ ಕೆಲಸಕ್ಕ ಹೋಗೋದಾಗಂಗಿಲ್ಲ. ಇಟ್ಟಿರ್ರಿ. ಮಿರಗದ ಮಳಿಗೆ, ಬಿತ್ತಿಗಿಗೆ ಬರ್ತೇನಿ, ಆಗ ಒಯ್ತೇನಿ."

"ಇರ್ತದ. ಎಲ್ಲಿ ಹೋಗ್ತದ?" ಎಂದಿದ್ದಳು ಸುಭದ್ರಾಬಾಯಿ.

ನೀರು ಹಂಚುವುದು ಮುಗಿಯುವ ಹೊತ್ತಿಗೆ ಬೀದರದ ಬಸ್ಸಿನಿಂದ ಮಾಣಿಕ ಇಳಿದು ಬಂದ. ಜನವಾಡದ ಹುಡುಗ, ಡಿಪ್ಲೊಮಾ ಮುಗಿಸಿ ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ; ಮದುವೆ ಗೊತ್ತಾಗಿತ್ತು. ಕುಶನೂರಿನಲ್ಲಿ ನೆಟ್‌ವರ್ಕ್ ಫೋನಿಗೇ ಸರಿಯಾಗಿ ಸಿಗುತ್ತಿರಲಿಲ್ಲವಾದ್ದರಿಂದ ಹದಿನೈದು ದಿನಕ್ಕೊಮ್ಮೆ ಅವನು ಸಣ್ಣ ಡಿಸ್ಕೊಂದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ತರುತ್ತಿದ್ದ. ಅದನ್ನು ಚುಚ್ಚಿ, ಪರದೆಯ ಮೇಲೆ 'ಸಮ ಮಾಡು' ಎಂಬ ಗುಂಡಿ ಒತ್ತಿದರೆ ಬೀದರದ ಕಂಪ್ಯೂಟರಿನಲ್ಲಿ ಏನಿದೆಯೋ ಅದೇ ಇಲ್ಲಿಯೂ ಆಗುತ್ತಿತ್ತು. ಅಲ್ಲಿ ಹೊಸದಾಗಿ ಬಂದದ್ದು ಇಲ್ಲಿಗೆ ಬರುತ್ತಿತ್ತು, ಅಲ್ಲಿ ಇಲ್ಲದ್ದು ಇಲ್ಲಿಂದ ಅಳಿಯುತ್ತಿತ್ತು. ಹೊಸ ದನಿಗಳಿದ್ದರೆ ಅವನ್ನು ಅವನೇ ಮೊದಲು ಬೀದರಕ್ಕೆ ಒಯ್ದಿರುತ್ತಿದ್ದ.

"ಅಳ್ಯಾ ಬಂದಾನ ನೋಡ್ರೋ, ಕೆಂಪ ವಸ್ತ್ರದಾಗ ಉಡುಗೊರಿ ತಂದಾನ," ಎಂದಳು ಸುಭದ್ರಾಬಾಯಿ. ಮಕ್ಕಳು ನಕ್ಕವು.

"ಉಡುಗೊರಿ ಅಲ್ರಿ ಅಕ್ಕಾ, ಬರೀ ಟ್ಯಾಂಕರ್ ಫೋಟೋ. ಎಂಟು ಸಾವಿರ ಅವ. ಮ್ಯಾಲಿನವರಿಗೆ ಲೆಕ್ಕ ತೋರಿಸಬೇಕಂತ. ಬೀದರದ ಮಶೀನಿನ ಹೊಟ್ಟಿ ತುಂಬಿ ಹೋಗಿತ್ತು, ದೊಡ್ಡ ದೊಡ್ಡ ಫೋಲ್ಡರ್ ಬ್ಯಾರೆ ಡಿಸ್ಕಿಗೆ ಸಾಗಿಸೀನಿ."

ಗುಂಡಿ ಒತ್ತಿ, ಚಹಾ ಕುಡಿದು, ಮೂರು ಗಂಟೆಯ ಬಸ್ಸಿಗೆ ಹೋದ. ಆ ಶನಿವಾರ ಸಂಜೆ ಕರೆಂಟ್ ಇರಲಿಲ್ಲ.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಸಾಲಾಗಿ ಕೂತವು. 'ಅವ್ವಂದಿರು' ಎಂಬ ಫೋಲ್ಡರ್ ಎಂದಿನ ಜಾಗದಲ್ಲೇ ಇತ್ತು. ಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತು ಮಾತ್ರ ಹೊಸದು. ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಬಂತು. ಸುಭದ್ರಾಬಾಯಿ ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದಳು: ಈ ಲಿಂಕ್ ಮುರಿದಿದೆ, ಕಸದ ಬುಟ್ಟಿಗೆ ಹಾಕಲೆ? ಅವಳು ಬೇಡ ಎಂದು ಒತ್ತಿದಳು. ಮತ್ತೆ ಒತ್ತಿದರೆ ಅದೇ ಪ್ರಶ್ನೆ. ನಾಲ್ಕು ಸಲ ಬೇಡ ಎಂದಳು.

"ಇವತ್ತ ಮಶೀನಿಗೆ ಜ್ವರ ಬಂದದ. ನಾಳಿ ಹಚ್ಚೋಣು," ಎಂದು ಮಕ್ಕಳನ್ನು ಊಟಕ್ಕೆ ಎಬ್ಬಿಸಿದಳು. ಭಾಗೀರಥಿ ಏಳಲಿಲ್ಲ. ತನ್ನ ಜಾಗದಲ್ಲೇ ಕೂತು ಪರದೆ ನೋಡುತ್ತಿತ್ತು.

ಫೋನು ಹತ್ತಬೇಕಾದರೆ ಸಾಲಿಯ ಮಾಳಿಗೆ ಏರಬೇಕು. ಏರಿ ಮಾಣಿಕನಿಗೆ ಹೇಳಿದಳು. ಆ ಕಡೆ ಗುಂಡಿ ಒತ್ತಿದ ಸಪ್ಪಳ.

"ಅಕ್ಕಾ, ಫಿಕರ್ ಮಾಡಬ್ಯಾಡ್ರಿ. ಇಲ್ಲಿ ದೊಡ್ಡ ಡಿಸ್ಕಿನಾಗ ಎಲ್ಲಾ ಅವ, ಈಗರೆ ಒತ್ತಿ ಕೇಳೀನಿ. ನಾಳಿ ಆ ಡಿಸ್ಕ ತೊಗೊಂಡೇ ಬರ್ತೇನಿ. ಮಕ್ಕಳು ಸಂಜಿಗೆ ಕೇಳ್ತಾವ."

ಸೋಮವಾರ ಅವನು ಬಂದ. ಇಟ್ಟಿಗೆಯಷ್ಟು ದಪ್ಪದ ಡಿಸ್ಕು, ಅದಕ್ಕೆ ಬೇರೆಯೇ ಕರೆಂಟಿನ ವೈರು. ಟೇಬಲ್ಲಿನ ಮೇಲೆ ಇಟ್ಟು ಚುಚ್ಚಿದ. ಅದು ಗುರ್ರ್ ಎಂದು ತಿರುಗತೊಡಗಿತು.

"ಏನಾಗಿತ್ತಪ್ಪ ಖರೇ ಹೇಳು," ಎಂದಳು ಸುಭದ್ರಾಬಾಯಿ.

ಮಾಣಿಕ ಕಿಟಕಿಯಿಂದ ಎದುರು ಮನೆ ತೋರಿಸಿದ. ಬೀಗ, ಅದರ ಮೇಲೆ ಇದ್ದಿಲಿನ ನಂಬರು. "ಅದೇ ನೋಡ್ರಿ ಅಕ್ಕಾ. ಅವ್ವಂದಿರ ಫೋಲ್ಡರ್ ನಾ ಈ ದೊಡ್ಡ ಡಿಸ್ಕಿಗೆ ಸಾಗಿಸಿ, ಹಳೀ ಜಾಗದಾಗ ಒಂದು ಲಿಂಕ್ ಬಿಟ್ಟಿದ್ದೆ. ಬಾಗಲಿಗೆ ಬರದಂಗ. 'ನಾವು ಇಲ್ಲಿಲ್ಲ, ಅಲ್ಲಿ ಅದೀವಿ, ಅಲ್ಲಿಗೆ ಹೋಗ್ರಿ' ಅಂತ. ಬೀದರದಾಗ ಒತ್ತಿದ್ರ ಅದು ಸೀದಾ ಇದರೊಳಗ ಕರಕೊಂಡು ಹೋಗ್ತದ. ಆದ್ರ ಸಮ ಮಾಡುವಾಗ ಅದು ಮಂದಿನ್ನ ತರ್ಲಿಲ್ಲ. ಬರದದ್ದಷ್ಟ ತಂತು. ಇಲ್ಲಿ ಆ ವಿಳಾಸದಾಗ ಯಾರದಾರ?"

ಸುಭದ್ರಾಬಾಯಿ ಪರದೆಯ ಕಡೆ ಕೈ ಮಾಡಿದಳು. "ಅದು ತಿಳೀತು. ಆದ್ರ ಇಲ್ಲಿ ಮಂದಿ ಇದ್ರಲ್ಲೋ. ಶುಕ್ರವಾರ ಸಂಜಿ ತನಕ ಇದ್ರು. ಅವರೆಲ್ಲಿ ಹೋದ್ರು?"

"ಬೀದರದಂಗ ಮಾಡು ಅಂತ ಹೇಳಿದ್ದೆ. ಬೀದರದಾಗ ಆ ಜಾಗದಾಗ ಬರೀ ಲಿಂಕ್ ಇತ್ತು. ಅದಕ್ಕ..."

"ಅದಕ್ಕ ಇದ್ದ ಮನಿ ಕೆಡವಿ ಬಾಗಲಷ್ಟ ನಿಲ್ಲಿಸ್ತು."

"ಹೌದ್ರಿ."

"ಛಲೋ ಕಲ್ತೀದಿ."

ಬೈದರೂ ಅವಳ ಜೀವ ತಣ್ಣಗಿತ್ತು. ಡಿಸ್ಕು ಕಣ್ಣೆದುರು ತಿರುಗುತ್ತಿತ್ತು. ಮಾಣಿಕ ಫೋಲ್ಡರ್ ತೆರೆದು ಮೊದಲನೆಯದನ್ನು ಹಚ್ಚಿದ. ಯಾವಳೋ ತಾಯಿ ಕೆಮ್ಮಿ, ಮಗುವನ್ನು ಕರೆದು, "ಬಾಳಾ..." ಎಂದಳು. ಅಷ್ಟೇ. ಅಂಗಳದಲ್ಲಿದ್ದ ಮಕ್ಕಳಿಗೆ ಅದು ಕೇಳಿಸಿತು. ಸಂಜೆಯ ತನಕ ಯಾರು ಕಾಯುತ್ತಾರೆ? ನಲವತ್ತಮೂರೂ ಒಂದೇ ಬಾಗಿಲಲ್ಲಿ ಒಳಗೆ ನುಗ್ಗಿದವು. "ನಿಲ್ರೋ, ನಿಲ್ರೋ," ಎನ್ನುವಷ್ಟರಲ್ಲಿ ಯಾವುದೋ ಕಾಲು ವೈರಿಗೆ ತೊಡರಿತು. ಡಿಸ್ಕು ಟೇಬಲ್ಲಿನ ಅಂಚಿಗೆ ಜಾರಿ ನೆಲದ ಶಹಾಬಾದಿ ಕಲ್ಲಿನ ಮೇಲೆ ಬಿತ್ತು.

ದೊಡ್ಡ ಸಪ್ಪಳವೇನೂ ಆಗಲಿಲ್ಲ. ಮಾಣಿಕ ಎತ್ತಿ ಮತ್ತೆ ಚುಚ್ಚಿದ. ಗುರ್ರ್ ಎನ್ನುತ್ತಿದ್ದದ್ದು ಈಗ ಟಕ್, ಟಕ್, ಟಕ್ ಎಂದಿತು. ಹಲ್ಲಿ ಲೊಚಗುಟ್ಟಿದ ಹಾಗೆ. ಅವನ ಮುಖ ನೋಡಿ ಸುಭದ್ರಾಬಾಯಿ ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಯಾರ ಕಾಲು ಎಂದು ಅವಳು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

"ಭಾಲ್ಕಿ," ಎಂದ ಮಾಣಿಕ. "ಭಾಲ್ಕಿ ಮಶೀನಿನಾಗ ಅವ. ಅಲ್ಲಿ ಇನ್ನಾ ಸಮ ಮಾಡಿಲ್ಲ." ಎಂದವನೇ ಎದೆ ಮುಟ್ಟಿಕೊಂಡು, "ಯೂಸುಫ!" ಎಂದ.

ಸಣ್ಣ ಡಿಸ್ಕು ಆ ದಿನ ಭಾಲ್ಕಿಗೆ ಹೋಗಿತ್ತು. ಮಾಣಿಕ ಇತ್ತ ಬರುವ ಅವಸರದಲ್ಲಿ ಅದನ್ನು ಸಂಸ್ಥೆಯ ಜೀಪಿನ ಡ್ರೈವರ್ ಯೂಸುಫನ ಕೈಗೆ ಕೊಟ್ಟು, ಗುಂಡಿ ಒತ್ತಿ ಬಾ ಎಂದಿದ್ದ. ಲಿಂಕಿನ ಮಾತು ಆಗ ತಲೆಗೆ ಬಂದಿರಲಿಲ್ಲ; ಮಕ್ಕಳಿಗೆ ಸಂಜೆಯೊಳಗೆ ದನಿ ಮುಟ್ಟಿಸುವುದೊಂದೇ ತಲೆಯಲ್ಲಿತ್ತು. ಯೂಸುಫ ಹತ್ತಕ್ಕೆ ಎಂದರೆ ಎರಡಕ್ಕೆ ಮುಟ್ಟುವವನು. ದಾರಿಯಲ್ಲಿ ಚಹಾ, ಬೀಡಿ, ಗೆಳೆಯರು. ಅವನ ಆ ಚಾಳಿಯನ್ನೇ ನಂಬಿ ಇಬ್ಬರೂ ಮಾಳಿಗೆ ಏರಿದರು.

"ಯೂಸುಫಭಾಯಿ, ಎಲ್ಲಿದೀರಿ? ಡಿಸ್ಕ ಚುಚ್ಚಬ್ಯಾಡ್ರಿ!"

"ಅರೆ, ಆಗೇ ಹೋಯ್ತಲ್ಲ ಭಾಯಿ!" ಯೂಸುಫನ ದನಿ ಖುಷಿಯಲ್ಲಿತ್ತು. "ಯಾವಾಗ್ಲೂ ಲೇಟ್ ಲೇಟ್ ಅಂತೀರಿ. ಇವತ್ತ ಒಂಬತ್ತೂವರಿಗೇ ಹಾಜರ್! ಇಲ್ಲಿ ನಿಲಯದ ಶಾಂತಾಬಾಯಿನ ಕೇಳ್ರಿ ಬೇಕಾದ್ರ. ಬರೋಬ್ಬರಿ ಗುಂಡಿ ಒತ್ತೀನಿ, 'ಮುಗಿಯಿತು' ಅಂತ ಬಂತು."

ಮಾಣಿಕ ಫೋನು ಕಿವಿಯಿಂದ ತೆಗೆಯದೆ ಹಾಗೇ ಕೂತ. ಕೆಳಗೆ ಅಂಗಳದಲ್ಲಿ ಮಕ್ಕಳು ತಲೆ ಎತ್ತಿ ಮಾಳಿಗೆ ನೋಡುತ್ತಿದ್ದವು.

ಆಮೇಲಿನ ಒಂದು ತಿಂಗಳು ಮಾಣಿಕ ಮಾಡದ ಕೆಲಸವಿಲ್ಲ. ಕುಶನೂರಿನ ಕಂಪ್ಯೂಟರಿನಲ್ಲಿ ಅಳಿದದ್ದನ್ನು ಎಬ್ಬಿಸಲು ನೋಡಿದ. ಅಳಿದ ಜಾಗದ ಮೇಲೆ ಟ್ಯಾಂಕರಿನ ಫೋಟೋಗಳು ಬಂದು ಕೂತಿದ್ದವು. ಕೆಲವು ತುಣುಕು ಸಿಕ್ಕವು, ಒಳಗೆ ಬರೀ ಸುಯ್ ಎನ್ನುವ ಸಪ್ಪಳ. ಭಾಲ್ಕಿಯಲ್ಲೂ ಹಾಗೇ. ಬಿದ್ದ ಡಿಸ್ಕನ್ನು ಹೈದರಾಬಾದಿಗೆ ಒಯ್ದ. ಒಳಗಿನ ತಟ್ಟೆ ಗೀರಿ ಹೋಗಿದೆ, ಏನೂ ಬರುವುದಿಲ್ಲ ಎಂದು ಅಂಗಡಿಯವನು ವಾಪಸು ಕೊಟ್ಟ.

ಅದೇ ತಿರುಗಾಟದಲ್ಲಿ ಅವನು ಪಟಾನ್‌ಚೆರುವಿನ ಗುಡಿಸಲುಗಳಿಗೆ, ಮಿಯಾಪುರದ ಕಟ್ಟಡಗಳಿಗೆ ಹೋಗಿ ತಾಯಂದಿರ ದನಿ ಮತ್ತೆ ತುಂಬಿಕೊಂಡು ಬಂದ. ಬಾಗಿಲುಗಳ ಮೇಲಿನ ನಂಬರುಗಳನ್ನು ಸುಭದ್ರಾಬಾಯಿ ಬೀದಿ ಬೀದಿ ತಿರುಗಿ ಬರೆದು ಕೊಟ್ಟಿದ್ದಳು. ಏಪ್ರಿಲ್ ಮುಗಿಯುವುದರೊಳಗೆ ಕುಶನೂರಿನ ನಲವತ್ತೆರಡು ದನಿ ಬಂದವು. ಮೊದಲಿನಂಥವಲ್ಲ, ದನಿಯ ಹಿಂದೆ ಕಲ್ಲು ಒಡೆಯುವ ಮಶೀನು, ಮೇಸ್ತ್ರಿಯ ಕೂಗು. ಆದರೂ ಬಂದವು. ಪಂಢರಿ ಕೆಲಸಕ್ಕಿದ್ದ ಕಟ್ಟಡದ ಎದುರಿನಿಂದಲೇ ಮಾಣಿಕ ಎರಡು ಸಲ ಹಾದು ಹೋದ. ಒಳಗೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಸುಭದ್ರಾಬಾಯಿ ಬೀದರದ ಆಫೀಸಿಗೆ ಹೋದಾಗ ಅವನು 'ಸಮ ಮಾಡು' ಗುಂಡಿಯ ಪ್ರೋಗ್ರಾಮನ್ನು ಹೊಸದಾಗಿ ಬರೆಯುತ್ತಿದ್ದ. ಅವಳು ಕೇಳದಿದ್ದರೂ ಹೇಳಿದ. ಇನ್ನು ಮೇಲೆ ಅದು ಏನು ಬರುತ್ತದೆ, ಏನು ಹೋಗುತ್ತದೆ ಎಂದು ಮೊದಲು ತೋರಿಸಿ ಕೇಳುತ್ತದೆ. ಲಿಂಕ್ ಕಂಡರೆ ಅದು ಎಲ್ಲಿಗೆ ಕೈ ತೋರಿಸುತ್ತದೆ ನೋಡಿ, ಅಲ್ಲಿರುವ ವಸ್ತುವನ್ನೇ ತರುತ್ತದೆ. ತುಂಬಿದ ಫೋಲ್ಡರಿನ ಜಾಗದಲ್ಲಿ ಲಿಂಕ್ ಕೂರುವ ಪ್ರಸಂಗ ಬಂದರೆ ಅಲ್ಲೇ ನಿಲ್ಲುತ್ತದೆ. ಅಳಿಸಬೇಕಾದದ್ದನ್ನೂ ಅಳಿಸದೆ ಬೇರೆ ಕಡೆ ತೆಗೆದಿಡುತ್ತದೆ. ಇದಲ್ಲದೆ ಪ್ರತಿ ನಿಲಯದಲ್ಲೂ ಒಂದು ಡಿಸ್ಕು ಯಾವುದರೊಡನೆಯೂ ಸಮವಾಗದೆ ಕಪಾಟಿನಲ್ಲಿ ಇರುತ್ತದೆ.

"ಇದೆಲ್ಲಾ ಆಗ ಗೊತ್ತಿರ್ಲಿಲ್ಲೇನೋ?"

"ಗೊತ್ತಿತ್ರಿ ಅಕ್ಕಾ."

"ಮತ್ತ?"

ಮಾಣಿಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಸಾಗಿಸಿದ ಮ್ಯಾಲ ಬೀದರದಾಗ ಒತ್ತಿ ನೋಡ್ದೆ. ದನಿ ಬಂತು. ಅಷ್ಟಕ್ಕ ಬಿಟ್ಟೆ. ಮೂರು ಊರಾಗ ಮೂರು ನಕಲು ಅವ ಅಂತ ತಿಳ್ಕೊಂಡಿದ್ದೆ."

ಕುಶನೂರಿನಲ್ಲಿ ಸಂಜೆಯ ಸರದಿ ಮತ್ತೆ ಸುರುವಾಗಿತ್ತು. ಹದಿನಾರನೆಯದು ಮುಗಿದ ಮೇಲೆ ಹದಿನೆಂಟನೆಯದು. ಭಾಗೀರಥಿ ದಿನಾ ತನ್ನ ಸರದಿಗೆ ಎದ್ದು ಮುಂದೆ ಬಂದು ಕೂಡುತ್ತಿತ್ತು, ಒಂದಿಷ್ಟು ಹೊತ್ತು ಕೂತು ಎದ್ದು ಹೋಗುತ್ತಿತ್ತು. ಉಳಿದ ಮಕ್ಕಳು ಅಷ್ಟು ಹೊತ್ತೂ ಸುಮ್ಮನಿರುತ್ತಿದ್ದವು. ದನಿಯಿಲ್ಲದ ಸರದಿಗೂ ಹಾಗಿರಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆಗ ಸುಭದ್ರಾಬಾಯಿ ಕೈ ಏನು ಮಾಡಬೇಕೆಂದು ತಿಳಿಯದೆ ಕಂಪ್ಯೂಟರಿನ ಧೂಳು ಒರೆಸುತ್ತಿದ್ದಳು.

ದನಿ ತುಂಬಿದ ದಿನ ಮೀರಾಬಾಯಿ ಏನು ಹೇಳಿದ್ದಳೆಂದು ಸುಭದ್ರಾಬಾಯಿಗೆ ಅಷ್ಟಿಷ್ಟು ನೆನಪಿತ್ತು. ಮಲಗುವ ಮುಂದೆ ಜಡೆಯ ಹೆಣಲು ಬಿಚ್ಚಬೇಡ, ಹೇನಾಗುತ್ತವೆ. ರೊಟ್ಟಿಯ ಅಂಚು ಬಿಸಾಡಬೇಡ. ಕೊನೆಗೆ ನಕ್ಕು, "ಆತೇನ್ರಿ? ಇಷ್ಟ ಸಾಕೇನ್ರಿ?" ಎಂದು ಕೇಳಿದ್ದಳು. ಮಾತು ನೆನಪಿತ್ತು. ದನಿ ನೆನಪಾಗಲಿಲ್ಲ. ಎಷ್ಟು ಯತ್ನಿಸಿದರೂ ಆ ಮಾತು ಅವಳ ತಲೆಯಲ್ಲಿ ಅವಳದೇ ದನಿಯಲ್ಲಿ ಬರುತ್ತಿತ್ತು.

ಒಂದು ದಿನ ಭಾಗೀರಥಿಯನ್ನು ಹತ್ತಿರ ಕೂರಿಸಿಕೊಂಡಳು. "ಭಾಗೂ, ಅವ್ವ ಹೇಳಿದ್ದು ನಿನಗ ಪೂರಾ ಬಾಯಿಪಾಠ ಅದ ಅಲ್ಲ? ನೀ ಹೇಳು, ನಾವು ತುಂಬಿ ಇಡೋಣು. ನಿಮ್ಮಪ್ಪಗರೆ ಆಗ್ತದ."

ಹುಡುಗಿ ತಲೆ ಅಲ್ಲಾಡಿಸಿತು.

"ಯಾಕ?"

"ನಾ ಅಂದ್ರ ಅದು ನನ್ನ ದನಿ ಆಗ್ತದ," ಎಂದಿತು ಭಾಗೀರಥಿ. "ಆಮ್ಯಾಲ ಅದ ನೆನಪುಳೀತದ. ಈಗಿನ್ನಾ ತಲ್ಯಾಗ ಅವ್ವಂದ ಅದ."

ಸುಭದ್ರಾಬಾಯಿ ಮತ್ತೆ ಆ ಮಾತು ತೆಗೆಯಲಿಲ್ಲ.

ಮೇ ತಿಂಗಳಲ್ಲಿ ಭಾಲ್ಕಿಯ ನಿಲಯದ ಶಾಂತಾಬಾಯಿ ಫೋನು ಹಚ್ಚಿದಳು. ಮೊದಲು ಬೇರೆ ಮಾತು, ಬಿಸಿಲು, ನೀರು. ಆಮೇಲೆ ತಗ್ಗಿದ ದನಿಯಲ್ಲಿ, "ಸುಭದ್ರಕ್ಕಾ, ಬೈಬ್ಯಾಡ. ಒಂದು ತಪ್ಪ ಮಾಡೀನಿ," ಎಂದಳು. ಅವಳ ಕಡೆಯ ಈರಮ್ಮ ಎಂಬ ತಾಯಿ ದೀಪಾವಳಿಯ ನಂತರ ದನಿ ಕೊಡದೆ ಹೊರಟುಬಿಟ್ಟಿದ್ದಳಂತೆ. ಶಾಂತಾಬಾಯಿ ಭಾಲ್ಕಿ ಸ್ಟೇಷನ್ನಿಗೆ ಓಡಿ, ಪ್ಲಾಟ್‌ಫಾರ್ಮಿನಲ್ಲೇ ತನ್ನ ಫೋನಿನಲ್ಲಿ ತುಂಬಿಕೊಂಡಿದ್ದಳಂತೆ. ಆಮೇಲೆ ಕರಾರಿನ ಪ್ರಕಾರ ಅಳಿಸುವುದನ್ನು ಮರೆತಿದ್ದಳು. "ಅವತ್ತ ನಿಮ್ಮ ಕುಶನೂರ ಮಂದೀನೂ ಅದ ಗಾಡಿಗೆ ಹೊಂಟಿದ್ರು. ಈರಮ್ಮನ ಹಿಂದ ಒಬ್ಬಾಕಿ ಮಾತಾಡ್ತಾಳ. ನನಗ ಗುರುತಾಗವಲ್ದು. ನೀ ಕೇಳಿ ನೋಡು."

ಮಿರಗಕ್ಕೆ ಇನ್ನೂ ಎರಡು ದಿನವಿರುವಾಗ ಪಂಢರಿ ಬಂದ. ಮೋಡವಿರಲಿಲ್ಲ. ಒಂದು ಕೈಯಲ್ಲಿ ಮಗಳಿಗೆ ಹೊಸ ಫ್ರಾಕು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಮೆಮೊರಿ ಕಾರ್ಡು.

"ಅಕ್ಕೋರ, ಇದರಾಗ ಹಾಕಿ ಕೊಡ್ರಿ. ಅಂಗಡ್ಯಾಂವ ಅಂದ, ಇದರಾಗ ಸಾವಿರ ಹಾಡು ಹಿಡೀತಾವಂತ. ನನಗ ಒಂದ ಸಾಕು."

ಸುಭದ್ರಾಬಾಯಿ ಜಗುಲಿಯಲ್ಲಿ ಅವನನ್ನು ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ಹೇಳಿದಳು. ಮಾಣಿಕನ ಹೆಸರು ಹೇಳಲಿಲ್ಲ, ಮಕ್ಕಳ ಕಾಲಿನ ಮಾತು ಹೇಳಲಿಲ್ಲ. "ನಮ್ಮ ಕೈಲೆ ಹೋತು," ಎಂದಳು. ಲಿಂಕ್ ಎಂದರೆ ಅವನಿಗೆ ತಿಳಿಯಲಿಲ್ಲ. ಬಾಗಿಲಿನ ಬರಹದ ಮಾತು ಹೇಳಿದ ಮೇಲೆ ತಿಳಿಯಿತು.

"ನಮ್ಮ ಬಾಗಲ ಮ್ಯಾಲ ಅಕಿ ಫೋನಿನ ನಂಬರೇ ಅದ್ರಿ ಇನ್ನಾ," ಎಂದ ಪಂಢರಿ. "ಬಂದವರು ಹಚ್ಚಿ ನೋಡ್ತಾರಂತ. ಬಂದ್ ಅದ ಅಂತ ಬರ್ತದಂತ."

ಅವನು ಸಿಟ್ಟಾಗಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎನ್ನಿಸಿತು ಅವಳಿಗೆ.

ಅವಳು ಶಾಂತಾಬಾಯಿ ಕಳಿಸಿದ ಸ್ಟೇಷನ್ನಿನ ದನಿ ಹಚ್ಚಿದಳು; ಯಾರದೆಂದು ಅವಳಿಗೂ ಖಾತ್ರಿಯಿರಲಿಲ್ಲ. ಈರಮ್ಮ ಮಗನಿಗೆ ಸಾಲಿ ತಪ್ಪಿಸಬೇಡ ಎಂದು ಹೇಳುತ್ತಿದ್ದಳು, ಹಿಂದೆ ರೈಲಿನ ಸಿಳ್ಳು, ಮಂದಿಯ ಗದ್ದಲ. ಆ ಗದ್ದಲದ ನಡುವೆ ಒಂದು ಹೆಣ್ಣು ದನಿ: "ಅಯ್ಯ, ಕೊಡ ಅಡ್ಡ ಆಗ್ಯಾದ ನೋಡ್ರಿ, ನೀರ ಹೊಂಟಾವ!" ಅಷ್ಟೇ. ಮತ್ತೆ ಈರಮ್ಮ.

ಪಂಢರಿ ತಲೆ ಬಗ್ಗಿಸಿದ. "ಅಕೀನೇ," ಎಂದ. "ಅದು ನನಗ ಅಂದಿದ್ದು. ನಾ ಬೀಡಿ ಹಚ್ಚಲಕತ್ತಿದ್ದೆ, ಕೊಡ ನೋಡ್ಲಿಲ್ಲ." ಇನ್ನೊಂದು ಸಲ ಹಚ್ಚಿಸಿಕೊಂಡ. ಮೂರನೇ ಸಲ ಬೇಡವೆಂದ.

ಭಾಗೀರಥಿ ಕಂಬದ ಪಕ್ಕ ನಿಂತಿತ್ತು. "ಇದು ನನ್ನದಲ್ಲ," ಎಂದಿತು.

"ಇಲ್ಲವ್ವ. ಇದು ನನ್ನದು," ಎಂದ ಪಂಢರಿ. ಮಗಳ ಕಡೆ ತಿರುಗಿ, "ನಿನಗ ಏನಂದಿದ್ಳು?" ಎಂದು ಕೇಳಿದ. ಹುಡುಗಿ ತುಟಿ ಬಿಗಿ ಹಿಡಿದು ಕಾಲಿನಿಂದ ನೆಲ ಕೆರೆಯಿತು. ಅವನು ಮತ್ತೆ ಕೇಳಲಿಲ್ಲ.

ಬಸ್ಸಿನ ಹೊತ್ತಾಯಿತು. ಅಕ್ಕನ ಮನೆಗೆ ಔರಾದಿಗೆ ಮಗಳನ್ನು ಕರೆದೊಯ್ಯುತ್ತಿದ್ದ. ಮಳೆ ನೋಡಿ ಮುಂದಿನದು. ಭಾಗೀರಥಿಯ ಟ್ರಂಕು ಹೊರಗೆ ಬಂತು. ಸುಭದ್ರಾಬಾಯಿ ಕಾರ್ಡಿಗೆ ಕೈ ಚಾಚಿದಳು. "ಆ ಸ್ಟೇಷನ್ನಿನ ದನಿಯರೆ ಇದಕ್ಕ ಹಾಕಿ ಕೊಡ್ತೇನಿ ಪಂಢರಿ, ಒಂದು ಗಳಿಗಿ ನಿಲ್ಲು."

"ಅದು ಬ್ಯಾಡ್ರಿ. ಅದು ಕೇಳಿದೆ, ಸಾಕು." ಅವನು ಹೊದಿಕೆ ಬಿಚ್ಚದ ಕಾರ್ಡನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಇದು ನಿಮ್ಮ ಹತ್ರಾನೇ ಇರ್ಲಿ. ಹುಡುಗಿದು ಬಾಕಿ ಅದಲ್ರಿ. ಎಲ್ಲರೆ ಸಿಕ್ರ ಹಾಕಿ ಕೊಡ್ರಿ. ನಾ ಬಂದಾಗ ಕೇಳ್ತೇನಿ."

ಸಿಗುವುದಿಲ್ಲ ಎಂದು ಅವಳು ಆಗಲೇ ಎರಡು ಸಲ ಹೇಳಿದ್ದಳು. ಮೂರನೇ ಸಲ ಬಾಯಿ ಬರಲಿಲ್ಲ.

"ಆಗ್ಲಿ," ಎಂದಳು.

ಬಸ್ಸು ಧೂಳೆಬ್ಬಿಸಿ ಹೋಯಿತು. ಸುಭದ್ರಾಬಾಯಿ ಒಳಗೆ ಬಂದು, ಕಾರ್ಡನ್ನು ಟೇಬಲ್ಲಿನ ಮೇಲಿಟ್ಟು, ಮತ್ತೆ ಎತ್ತಿಕೊಂಡಳು. ಆಮೇಲೆ ಕಪಾಟು ತೆರೆದು, ಯಾವುದರೊಡನೆಯೂ ಸಮ ಮಾಡಬಾರದೆಂದು ಮಾಣಿಕ ತಂದಿಟ್ಟಿದ್ದ ಡಿಸ್ಕಿನ ಪಕ್ಕದಲ್ಲಿ ಅದನ್ನಿಟ್ಟು, ಟ್ಯಾಂಕರಿನ ಹಾರ್ನು ಕೇಳಿ ಪೈಪು ಹಿಡಿಯಲು ಹೊರಗೆ ಹೋದಳು.